ತೋಟ ಸಾಕಿದ ಮತ್ತಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟದ ಬೆಲೆ ಕಟ್ಟುವವರು ತೋಟವನ್ನಷ್ಟೇ ನೋಡಿ ಮಾತು ಮುಗಿಸುವುದಿಲ್ಲ. ನೀರಿನ ಅನುಕೂಲ ಹೇಗೆ ಎಂದು ಕೇಳಿದ ಬೆನ್ನಿಗೇ ‘ಬೆಟ್ಟ ಎಷ್ಟಿದ್ದು?’ ಎಂಬ ಪ್ರಶ್ನೆ ಬರುತ್ತದೆ. ಕಣಿವೆಯಲ್ಲಿ ತೋಟ, ಅದರ ಮೇಲಿನ ಏರಿನಲ್ಲಿ ಸೊಪ್ಪು ಕಡಿಯುವ ಹಕ್ಕಿರುವ ಕಾಡು. ಆ ಕಾಡಿಗೆ ಇಲ್ಲಿನವರು ಬೆಟ್ಟ ಎನ್ನುತ್ತಾರೆ, ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಗೊಬ್ಬರದ ಮೂಲ ಅಲ್ಲಿದೆ. ಬೆಟ್ಟ ಹತ್ತಿ ನೋಡಿದರೆ ನಂದಿ, ಜಂಬೆ, ಹೊನ್ನೆ, ಕೌಲು, ನೇರಲೆಗಳ ನಡುವೆ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಎರಡು ಮರಗಳು: ಮತ್ತಿ ಮತ್ತು ಹುನಾಲು. ಎರಡೂ ಒಂದೇ ಕುಲದವು. ಅಡಿಕೆ, ಕಾಳುಮೆಣಸು, ಏಲಕ್ಕಿ ಬೆಳೆದು ದೂರದೂರದ ಪೇಟೆಗೆ ಕಳಿಸಿದ ಈ ನಾಡನ್ನು ತಲೆಮಾರುಗಳ ಕಾಲ ಹೊತ್ತು ನಿಂತದ್ದು ಈ ಕುಲ. ಅಡಿಕೆಯ ಬಗ್ಗೆ ನಾವು ಬರೆದಷ್ಟನ್ನು ಮತ್ತಿಯ ಬಗ್ಗೆ ಬರೆದಿಲ್ಲ. ಆ ಕೊರತೆ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಸಸ್ಯವಿಜ್ಞಾನದಲ್ಲಿ ಈ ಕುಲಕ್ಕೆ ಟರ್ಮಿನೇಲಿಯಾ ಎಂದು ಹೆಸರು. 1767ರಲ್ಲಿ ಈ ಹೆಸರಿಟ್ಟವನು ಲಿನೇಯಸ್. ಎಲೆಗಳು ಕೊಂಬೆಯ ಉದ್ದಕ್ಕೂ ಹರಡಿಕೊಳ್ಳದೆ ತುದಿಯಲ್ಲಿ ಗೊಂಚಲಾಗಿ ಸೇರುವ ಸ್ವಭಾವವೇ ಆ ಹೆಸರಿಗೆ ಕಾರಣ. ಏಷ್ಯಾ, ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾಗಳ ಉಷ್ಣವಲಯದಲ್ಲೆಲ್ಲ ಈ ಕುಲದ ಮರಗಳಿವೆ. ಒಟ್ಟು ಇನ್ನೂರಕ್ಕೂ ಹೆಚ್ಚು ಜಾತಿಗಳು. ಪಶ್ಚಿಮ ಆಫ್ರಿಕಾದ ಲಿಂಬಾ ಎಂಬ ಜಾತಿಯ ಹಗುರ ಹಳದಿ ಕಟ್ಟಿಗೆಯಿಂದ 1958ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಗಿಟಾರ್ ಮಾಡಿತು. ಉತ್ತರ ಆಸ್ಟ್ರೇಲಿಯಾದ ಕಕಾಡು ಪ್ಲಮ್ ಎಂಬ ಜಾತಿಯ ಪುಟ್ಟ ಹಣ್ಣಿನಲ್ಲಿರುವಷ್ಟು ಸಿ ಜೀವಸತ್ವ ಜಗತ್ತಿನ ತೀರ ಕೆಲವೇ ಹಣ್ಣುಗಳಲ್ಲಿದೆ. ಕಾರವಾರ, ಕುಮಟಾ ಕಡೆಯ ಅಂಗಳಗಳಲ್ಲಿ ಮಕ್ಕಳು ಕಾಯಿ ಒಡೆದು ತಿನ್ನುವ ಕಾಡುಬಾದಾಮಿಯೂ ಇದೇ ಕುಲದ್ದು.

ಕಾಡುಬಾದಾಮಿಯ ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿರುವುದನ್ನು ಯಾರೂ ಗಮನಿಸದೆ ಇರಲಾರರು. ಪ್ರತಿ ಕೊಂಬೆಯೂ ಸ್ವಲ್ಪ ದೂರ ಬೆಳೆದು, ತುದಿ ಮೇಲಕ್ಕೆ ತಿರುಗಿ ಎಲೆಯ ಗೊಂಚಲಾಗುತ್ತದೆ. ಮುಂದಿನ ಬೆಳವಣಿಗೆ ಆ ತಿರುವಿನ ಕೆಳಗಿನ ಮೊಗ್ಗಿನಿಂದ ಶುರುವಾಗಿ ಎರಡಾಗಿ ಕವಲೊಡೆಯುತ್ತದೆ. 1978ರಲ್ಲಿ ಹಿಸಾವೊ ಹೊಂಡಾ ಮತ್ತು ಜಾಕ್ ಫಿಶರ್ ಎಂಬ ವಿಜ್ಞಾನಿಗಳು ಈ ಕವಲುಗಳ ಕೋನಗಳನ್ನು ಅಳೆದು ಗಣಕಯಂತ್ರಕ್ಕೆ ಕೊಟ್ಟು, ಯಾವ ಕೋನದಲ್ಲಿ ಕವಲೊಡೆದರೆ ಎಲೆಗೊಂಚಲುಗಳು ಒಂದರ ಮೇಲೊಂದು ನೆರಳು ಬೀಳಿಸದೆ ಅತಿ ಹೆಚ್ಚು ಬಿಸಿಲು ಹಿಡಿಯುತ್ತವೆ ಎಂದು ಲೆಕ್ಕ ಹಾಕಿಸಿದರು. ಲೆಕ್ಕದಲ್ಲಿ ಬಂದ ಕೋನಗಳೂ ಮರದಲ್ಲಿ ಅಳೆದ ಕೋನಗಳೂ ಬಹಳ ಹತ್ತಿರ ಇದ್ದವು. ನಮ್ಮ ಬೆಟ್ಟದ ಮತ್ತಿಯಲ್ಲಿ ಈ ಅಚ್ಚುಕಟ್ಟು ಕಾಣುವುದಿಲ್ಲ. ಸೊಪ್ಪು ಕಡಿಸಿಕೊಂಡೂ ಕಡಿಸಿಕೊಂಡೂ ಅದರ ಮೂಲ ಆಕಾರ ಎಂದೋ ಕಳೆದುಹೋಗಿದೆ.

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಕುಲದ ಮುಖ್ಯ ಜಾತಿಗಳು ಐದು: ಮತ್ತಿ, ಹುನಾಲು, ತಾರೆ, ಅಳಲೆ, ಹೊಳೆಮತ್ತಿ. ಬ್ರಿಟಿಷ್ ಕಾಲದ ಅರಣ್ಯಾಧಿಕಾರಿ ಟಾಲ್ಬಟ್ ಈ ಜಿಲ್ಲೆಯ ಕಾಡುಗಳನ್ನು ಸುತ್ತಿ, 1909 ಮತ್ತು 1911ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ಮುಂಬಯಿ ಪ್ರಾಂತದ ಸಸ್ಯಸಂಪತ್ತಿನ ಗ್ರಂಥ ಇಂದಿಗೂ ಇಲ್ಲಿನ ಮರಗಳನ್ನು ಗುರುತಿಸುವವರ ಕೈಪಿಡಿ. ಗ್ರಂಥ ಇಲ್ಲದಿದ್ದರೂ ಚಿಂತೆಯಿಲ್ಲ, ತೊಗಟೆ ಮತ್ತು ಕಾಯಿ ನೋಡಿದರೆ ಸಾಕು. ಕಪ್ಪು ಬೂದಿ ಬಣ್ಣದ ತೊಗಟೆ ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರಿದು ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿದ್ದರೆ ಅದು ಮತ್ತಿ. ಕಾಯಿಗೆ ಐದು ರೆಕ್ಕೆ. ಎಲೆಯನ್ನು ಮಗುಚಿ ನಡುನರದ ಬುಡದಲ್ಲಿ ನೋಡಿದರೆ ಸಣ್ಣ ಗಂಟಿನಂಥ ಗ್ರಂಥಿಗಳಿರುತ್ತವೆ. ಎಳೆಯ ಎಲೆಯಲ್ಲಿ ಅವು ಸಿಹಿರಸ ಸೂಸುತ್ತವೆ, ಇರುವೆಗಳು ಅದಕ್ಕಾಗಿ ಬರುತ್ತವೆ. ಹುನಾಲಿನ ತೊಗಟೆ ಇಷ್ಟು ಒರಟಲ್ಲ, ಅದರ ಕಾಯಿಗೆ ಒಂದು ದೊಡ್ಡ ರೆಕ್ಕೆ, ಎರಡು ಸಣ್ಣವು. ಹೊಳೆಮತ್ತಿಯದು ನುಣುಪಾದ ಬಿಳಿಚು ತೊಗಟೆ. ತೆಳ್ಳಗಿನ ಹಾಳೆಗಳಾಗಿ ಕಳಚುತ್ತದೆ. ತಾರೆ ಮತ್ತು ಅಳಲೆಯ ಕಾಯಿಗಳಿಗೆ ರೆಕ್ಕೆಯಿಲ್ಲ, ಮೇಲೆ ತಿರುಳು, ಒಳಗೆ ಗಟ್ಟಿ ಓಟೆ. ರೆಕ್ಕೆಯ ಕಾಯಿಗಳನ್ನು ಬೇಸಿಗೆಯ ಗಾಳಿ ಒಯ್ಯುತ್ತದೆ. ತಿರುಳಿನ ಕಾಯಿಗಳನ್ನು ಜಿಂಕೆ, ಕಡವೆ, ಕಾಡುಕುರಿಗಳು ತಿಂದು ಓಟೆಯನ್ನು ಬೇರೆಡೆ ಉಗುಳುತ್ತವೆ. ಒಂದೇ ಕುಲ ಬೀಜ ಹರಡಲು ಹಿಡಿದ ಎರಡು ದಾರಿಗಳಿವು.

ಇವುಗಳ ನೆಲೆಯೂ ಬೇರೆ ಬೇರೆ. ಸಿದ್ದಾಪುರದ ಪಶ್ಚಿಮಕ್ಕೆ ಕತ್ತಲೆಕಾನಿನಂಥ ನಿತ್ಯಹಸಿರಿನ ಕಾಡಿನ ಒಳಗೆ ಮತ್ತಿಗೆ ಜಾಗವಿಲ್ಲ. ಅದಕ್ಕೆ ಬಿಸಿಲು ಬೇಕು. ನಾಲ್ಕೈದು ತಿಂಗಳ ಒಣಹವೆಯನ್ನು ಎಲೆ ಉದುರಿಸಿ ಕಳೆಯುವ ಮರ ಅದು. ಶಿರಸಿಯಿಂದ ಬನವಾಸಿಯ ಕಡೆಗೆ, ಯಲ್ಲಾಪುರದಿಂದ ಪೂರ್ವಕ್ಕೆ ಹೋದಂತೆ ಕಾಡು ಎಲೆಯುದುರುವ ಕಾಡಾಗುತ್ತದೆ, ಮತ್ತಿ ಹೆಚ್ಚುತ್ತದೆ. ಕಾನಿನ ಮರಗಳನ್ನು ಕಡಿದು ಬಯಲಾದ ಜಾಗಕ್ಕೂ ಮೊದಲು ಬಂದು ನೆಲೆಸುವವು ಮತ್ತಿ, ಹುನಾಲು, ನಂದಿಗಳೇ. ದಪ್ಪ ತೊಗಟೆಯಿಂದಾಗಿ ನೆಲದ ಬೆಂಕಿಯನ್ನು ಮತ್ತಿ ಸಹಿಸುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮನುಷ್ಯ ಬೆಂಕಿ ಮತ್ತು ಕತ್ತಿ ಹಿಡಿದು ಕಾಡಿಗೆ ಹೊಕ್ಕಲ್ಲೆಲ್ಲ ಉಳಿದುಕೊಳ್ಳುವ ಶಕ್ತಿ ಇದ್ದ ಮರ ಇದು. ಸೊಪ್ಪಿನ ಬೆಟ್ಟಗಳಲ್ಲಿ ಇದರ ಸಂಖ್ಯೆ ಹೆಚ್ಚಾದದ್ದು ಆ ಶಕ್ತಿಯಿಂದ.

ಹಳೆಯ ಮನೆಗಳ ಅಟ್ಟದ ಕೆಳಗೆ ನಿಂತು ಮೇಲೆ ನೋಡಿದರೆ ಮತ್ತಿಯ ತೊಲೆಗಳು ಕಾಣುತ್ತವೆ. ಸಾಗವಾನಿ ಮತ್ತು ಬೀಟೆಯ ಮೇಲೆ ಸರಕಾರದ ಕಣ್ಣು ಸದಾ ಇತ್ತು. ಸಾಮಾನ್ಯ ರೈತನ ಮನೆಗೆ ತೊಲೆ, ಕಂಬ, ಪಕಾಸು, ಬಾಗಿಲವಾಡ ಒದಗಿಸಿದ್ದು ಮತ್ತಿ, ಹುನಾಲು, ನಂದಿ. ಮತ್ತಿಯ ಕೆಚ್ಚು ಕಂದು ಬಣ್ಣದ್ದು, ಗಾಢ ಗೆರೆಗಳದ್ದು, ತೂಕದ್ದು. ಭಾರ ಹೊರುವುದರಲ್ಲಿ ಅದನ್ನು ಮೀರಿಸುವ ಕಟ್ಟಿಗೆ ನಮ್ಮ ಕಾಡಿನಲ್ಲಿ ಹೆಚ್ಚಿಲ್ಲ. ಅದರ ದೋಷ ಒಣಗಿಸುವಾಗ ಗೊತ್ತಾಗುತ್ತದೆ. ಬಿಸಿಲಿಗೆ ಬಿಟ್ಟರೆ ಮೇಲ್ಮೈ ಬೇಗ ಒಣಗಿ ಒಳಗಿನ ಭಾಗ ಹಸಿಯಾಗಿಯೇ ಉಳಿಯುತ್ತದೆ. ಹೊರಗಿನದು ಕುಗ್ಗುತ್ತದೆ, ಒಳಗಿನದು ಕುಗ್ಗಲು ಒಪ್ಪುವುದಿಲ್ಲ, ಕಟ್ಟಿಗೆ ಸೀಳುತ್ತದೆ. ಅನುಭವಸ್ಥ ಬಡಗಿಗಳು ಇದನ್ನು ಬಲ್ಲರು. ನೆರಳಿನಲ್ಲಿ ಸಂದುಬಿಟ್ಟು ಪೇರಿಸಿ ನಿಧಾನವಾಗಿ ಒಣಗಿಸುತ್ತಾರೆ. ತಾರೆಯ ಕಟ್ಟಿಗೆ ಇದಕ್ಕೆ ವಿರುದ್ಧ: ಮೆದು, ಹುಳು ಬೇಗ ಹಿಡಿಯುತ್ತದೆ. ಅದನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸುವುದು ರೂಢಿ. ಹುಳಕ್ಕೆ ಆಹಾರವಾಗುವ ಪಿಷ್ಟ, ಸಕ್ಕರೆಗಳು ನೀರಿನಲ್ಲಿ ಕರಗಿ, ಕೊಳೆತು ಹೋಗುವುದರಿಂದ ಆ ಕಟ್ಟಿಗೆಗೆ ಬಾಳಿಕೆ ಬರುತ್ತದೆ.

ಕವಳ ಹಾಕುವವರ ಈ ನಾಡಿನಲ್ಲಿ ಮತ್ತಿಯ ಇನ್ನೊಂದು ಗುಣವನ್ನು ಹೇಳಲೇಬೇಕು. ಮತ್ತಿಯ ತೊಗಟೆಯನ್ನು ಸುಟ್ಟ ಬೂದಿಯನ್ನು ಸುಣ್ಣದ ಬದಲಿಗೆ ವೀಳ್ಯದೊಂದಿಗೆ ಬಳಸುವ ಪದ್ಧತಿ ಭಾರತದ ಹಲವು ಕಾಡುಪ್ರದೇಶಗಳಲ್ಲಿ ಇತ್ತು. ಮರದ ಬೂದಿ ಸುಣ್ಣದ ಕೆಲಸ ಮಾಡುವುದು ಹೇಗೆ? ಮತ್ತಿಯ ತೊಗಟೆಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳು ತುಂಬಿರುತ್ತವೆ. ಸುಟ್ಟಾಗ ಅದು ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಚಿಪ್ಪು ಮತ್ತು ಸುಣ್ಣಕಲ್ಲಿನಲ್ಲಿರುವ ವಸ್ತು. ಕಾವು ಇನ್ನೂ ಏರಿದರೆ ಅದೇ ಸುಟ್ಟ ಸುಣ್ಣ. ಕರಾವಳಿಯವರಿಗೆ ಚಿಪ್ಪು ಸಿಗುತ್ತಿತ್ತು. ಘಟ್ಟದ ಒಳಗಿನವರಿಗೆ ಮರ ಅದನ್ನು ಕೊಟ್ಟಿತು.

ಈ ಕ್ಯಾಲ್ಸಿಯಂ ತೋಟದ ಕಥೆಗೂ ಸೇರುತ್ತದೆ. ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಜಂಬಿಟ್ಟಿಗೆ ಮಣ್ಣಿನ ಈ ನಾಡಿನಲ್ಲಿ ಮೇಲುಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್‌ಗಳನ್ನು ಮಳೆನೀರು ತೊಳೆದು ಕೆಳಕ್ಕೆ, ಹೊಳೆಗೆ ಒಯ್ಯುತ್ತದೆ. ಮಣ್ಣು ಹುಳಿಯಾಗುತ್ತದೆ. ಹುಳಿ ಹೆಚ್ಚಾದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಸುಡುತ್ತದೆ, ರಂಜಕ ಗಿಡಕ್ಕೆ ಸಿಗದಂತೆ ಕಟ್ಟಿಹೋಗುತ್ತದೆ. ಮತ್ತಿ ತನ್ನ ಆಳದ ಬೇರುಗಳಿಂದ ಕ್ಯಾಲ್ಸಿಯಂ ಹೀರಿ ಎಲೆಗೆ ಏರಿಸುತ್ತದೆ. ಆ ಎಲೆ ಕೊಳೆತಲ್ಲಿ ಕ್ಯಾಲ್ಸಿಯಂ ಮತ್ತೆ ಮೇಲುಮಣ್ಣಿಗೆ ಬರುತ್ತದೆ. ಹಳಬರು ಮತ್ತಿ ಸೊಪ್ಪನ್ನು ತೋಟಕ್ಕೆ ಶ್ರೇಷ್ಠವೆಂದು ಆಯ್ದುಕೊಂಡದ್ದು ತಲೆಮಾರುಗಳ ನೋಟದಿಂದ. ಆ ಆಯ್ಕೆ ಸರಿಯೆಂದು ರಸಾಯನಶಾಸ್ತ್ರ ಹೇಳುತ್ತದೆ.

ಬೇಸಿಗೆಯಲ್ಲಿ ಕೆಲವು ಮತ್ತಿ ಮರಗಳ ಕಾಂಡದಲ್ಲಿ ನೀರು ಸೇರಿಕೊಂಡು ಒಂದು ಕಡೆ ಉಬ್ಬು ಮೂಡುತ್ತದೆ. ಅಲ್ಲಿ ಗಾಯ ಮಾಡಿದರೆ ನೀರು ಚಿಮ್ಮುತ್ತದೆ. ಕಾಡಿನಲ್ಲಿ ತಿರುಗಾಡುವವರಿಗೆ ಇದು ಹಳೆಯ ತಿಳಿವಳಿಕೆ. 2024ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ, ಕೊಂಡರೆಡ್ಡಿ ಬುಡಕಟ್ಟಿನವರು ಹೇಳಿದ ಮಾತನ್ನು ಪರೀಕ್ಷಿಸಲು ಮತ್ತಿಯ ಇಂಥದೊಂದು ಉಬ್ಬನ್ನು ಕೊಯ್ದಾಗ ನೀರು ಧಾರೆಯಾಗಿ ಸುರಿದದ್ದು ದೇಶದಾದ್ಯಂತ ಸುದ್ದಿಯಾಯಿತು. ಎಲ್ಲ ಮತ್ತಿಯಲ್ಲೂ ಹೀಗೆ ನೀರಿರುವುದಿಲ್ಲ. ಸುದ್ದಿ ಓದಿದ ಉತ್ಸಾಹದಲ್ಲಿ ಯಾರೂ ಮರಕ್ಕೆ ಕತ್ತಿ ಹಾಕಬಾರದು. ಆ ಗಾಯದ ಮೂಲಕ ಶಿಲೀಂಧ್ರ ಒಳಹೊಕ್ಕರೆ ಮರ ಟೊಳ್ಳಾಗುತ್ತದೆ.

ಈಗ ಬೆಟ್ಟದ ವಿಚಾರಕ್ಕೆ ಬರುತ್ತೇನೆ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲಿನ ಅರಣ್ಯ ವ್ಯವಸ್ಥೆಯಲ್ಲಿ ಕಾಡೆಲ್ಲ ಸರಕಾರದ್ದಾದರೂ, ತೋಟಿಗರು ಹಿಂದಿನಿಂದ ಸೊಪ್ಪು ತರುತ್ತಿದ್ದ ಜಾಗಗಳನ್ನು ಪೂರ್ತಿ ಕಸಿಯಲು ಆಗಲಿಲ್ಲ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ನಿಂತಿತು. ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ, ಕರಡ ಅಂದರೆ ಬೆಟ್ಟದ ಹುಲ್ಲು, ಒಣಕಟ್ಟಿಗೆ ತರಬಹುದು. ನೆಲ ಸರಕಾರದ್ದು, ಬೆಲೆಬಾಳುವ ಮರವೂ ಸರಕಾರದ್ದು, ಬೇಸಾಯ ಮಾಡುವಂತಿಲ್ಲ. ಒಂದಕ್ಕೆ ಒಂಬತ್ತು ಎಂಬ ಅನುಪಾತವನ್ನು ನಿಂತು ಯೋಚಿಸಬೇಕು. ಕಣಿವೆಯ ಒಂದು ಎಕರೆ ಹಸಿರಾಗಿರಲು ಏರಿನ ಒಂಬತ್ತು ಎಕರೆಯ ಬಿಸಿಲು ಮತ್ತು ಬೇರು ದುಡಿಯಬೇಕು. ಅಡಿಕೆಯ ಗೊನೆಯಲ್ಲಿ ನಾವು ಕೊಯ್ಯುವುದು ಮತ್ತಿಯ ದುಡಿಮೆಯನ್ನೂ ಹೌದು.

ಕೆಲಸದ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಕತ್ತಿ ಹಿಡಿದು ಮರ ಹತ್ತಿ ಎಳೆಯ ಕೊಂಬೆಗಳನ್ನು ಸವರುತ್ತಾರೆ, ಹೊರೆ ಕಟ್ಟಿ ಹೊತ್ತು ತರುತ್ತಾರೆ. ಬೇಸಿಗೆಯಲ್ಲಿ ಉದುರಿದ ದರಕನ್ನು ಗುಡಿಸಿ ತಂದು ಕೂಡಿಡುತ್ತಾರೆ. ಎರಡನ್ನೂ ಹಾಸುವುದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ. ಸೊಪ್ಪನ್ನು ನೇರವಾಗಿ ತೋಟಕ್ಕೆ ಹಾಕಬಹುದಿತ್ತಲ್ಲ, ಕೊಟ್ಟಿಗೆಯ ಸುತ್ತು ಯಾಕೆ? ಮತ್ತಿ ಕುಲದ ಎಲೆಗಳಲ್ಲಿ ಟ್ಯಾನಿನ್ ಹೆಚ್ಚು. ಟ್ಯಾನಿನ್ ಅಂದರೆ ನಾಲಿಗೆಗೆ ಒಗರು ಕೊಡುವ ವಸ್ತು. ಅದು ಪ್ರೋಟೀನನ್ನು ಹಿಡಿದು ಬಿಗಿಮಾಡುತ್ತದೆ. ಎಲೆಯನ್ನು ಕೊಳೆಸಬೇಕಾದ ಸೂಕ್ಷ್ಮಜೀವಿಗಳ ಕಿಣ್ವಗಳೂ ಪ್ರೋಟೀನುಗಳೇ ಆದ್ದರಿಂದ ಟ್ಯಾನಿನ್ ಇರುವ ಎಲೆ ನಿಧಾನ ಕೊಳೆಯುತ್ತದೆ. ಜೊತೆಗೆ ಅದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಕೊಟ್ಟಿಗೆಯಲ್ಲಿ ದನ ತುಳಿದು ಎಲೆ ಹರಿಯುತ್ತದೆ. ಗಂಜಲದ ಸಾರಜನಕ ಎಲೆಯಲ್ಲಿ ಇಂಗುತ್ತದೆ. ಸಗಣಿಯ ಜೊತೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಸೇರುತ್ತವೆ. ಇಲ್ಲವಾದರೆ ಗಾಳಿಗೆ ಹಾರಿಯೋ ಮಳೆಗೆ ತೊಳೆದೋ ಹೋಗುತ್ತಿದ್ದ ಸಾರಜನಕವನ್ನು ಸೊಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಗೊಬ್ಬರಗುಂಡಿಯಲ್ಲಿ ತಿಂಗಳುಗಟ್ಟಲೆ ಕಳಿತ ಮೇಲೆ ಅದು ತೋಟಕ್ಕೆ ಹೋಗುವ ಹೊತ್ತಿಗೆ ಅಡಿಕೆಯ ಬೇರು ಸುಲಭವಾಗಿ ತೆಗೆದುಕೊಳ್ಳುವ ರೂಪದಲ್ಲಿರುತ್ತದೆ. ಮಳೆಗಾಲದ ಮುಂಚೆ ನೆಲದ ಮೇಲೆ ಹಾಸಿದ ಸೊಪ್ಪಿನ ಹೊದಿಕೆಯಾದರೆ ಮಳೆಹನಿಯ ಹೊಡೆತದಿಂದ ಮಣ್ಣನ್ನು ಕಾಯುತ್ತದೆ. ಅಲ್ಲಿ ನಿಧಾನ ಕೊಳೆಯುವುದೇ ಗುಣ.

ಇಷ್ಟು ಕಡಿಸಿಕೊಂಡೂ ಮರ ಬದುಕುವುದು ಹೇಗೆ ಎಂಬುದು ನನಗೆ ಇಡೀ ಕಥೆಯ ಅತ್ಯಂತ ಬೆರಗಿನ ಭಾಗ. ಮತ್ತಿ, ಹುನಾಲುಗಳ ತೊಗಟೆಯ ಕೆಳಗೆ ವರ್ಷಗಟ್ಟಲೆ ಮಲಗಿರುವ ಮೊಗ್ಗುಗಳಿವೆ. ಮೇಲಿನ ಚಿಗುರಿನ ತುದಿಗಳು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಗೆ ಕಳಿಸುತ್ತಿರುವವರೆಗೆ ಅವು ಏಳುವುದಿಲ್ಲ. ಕೊಂಬೆ ಕಡಿದೊಡನೆ ಆ ಹರಿವು ನಿಲ್ಲುತ್ತದೆ, ಮೊಗ್ಗುಗಳು ಎಚ್ಚೆತ್ತು ತೊಗಟೆ ಸೀಳಿ ಹೊರಬರುತ್ತವೆ. ಎಲೆಯೇ ಇಲ್ಲದ ಮರಕ್ಕೆ ಅಷ್ಟು ಚಿಗುರು ಹೊರಡಿಸಲು ಆಹಾರ ಎಲ್ಲಿಂದ? ಬೇರು ಮತ್ತು ಕಾಂಡದಲ್ಲಿ ಪಿಷ್ಟವಾಗಿ ಕೂಡಿಟ್ಟದ್ದರಿಂದ. ಆ ದಾಸ್ತಾನು ಮತ್ತೆ ತುಂಬಬೇಕಾದರೆ ಹೊಸ ಎಲೆಗಳಿಗೆ ಸಾಕಷ್ಟು ಸಮಯ ಬಿಸಿಲು ಸಿಗಬೇಕು. ತುದಿಯ ಎಲೆಗಳನ್ನು ಬಿಟ್ಟು ಸವರುವವನ ಬೆಟ್ಟವೂ, ಬೆಟ್ಟವನ್ನು ಭಾಗ ಮಾಡಿ ಒಂದು ಭಾಗಕ್ಕೆ ಒಂದೆರಡು ವರ್ಷ ಕತ್ತಿ ತಾಗಿಸದವನ ಬೆಟ್ಟವೂ ಹಸಿರಾಗಿರುವುದಕ್ಕೆ ಕಾರಣ ಇದೇ. ಪ್ರತಿ ವರ್ಷ ಬೋಳು ಮಾಡುವ ಬೆಟ್ಟದಲ್ಲಿ ಮರಗಳು ಗಂಟುಗಂಟಾಗಿ, ಟೊಳ್ಳಾಗಿ, ಒಂದೊಂದೇ ಸಾಯುತ್ತವೆ.

ಹುನಾಲಿನ ಹೂವಿನ ಕಾಲ ಮಳೆಗಾಲದ ಕೊನೆ. ಬೇರೆ ಮರಗಳಲ್ಲಿ ಹೂ ಕಡಿಮೆ ಇರುವ ಆಗಸ್ಟ್‌ನಿಂದ ನವೆಂಬರ್‌ವರೆಗಿನ ದಿನಗಳಲ್ಲಿ ಅದು ತಲೆತುಂಬ ಸಣ್ಣ ಹೂಗೊಂಚಲು ಬಿಡುತ್ತದೆ. ತುಡುವೆ ಜೇನು ಸಾಕುವವರಿಗೂ ಕಾಡಿನ ಹೆಜ್ಜೇನಿಗೂ ಆ ಕಾಲದ ಆಸರೆ ಅದು. ನವೆಂಬರ್ ದಾಟುತ್ತಿದ್ದಂತೆ ಕಾಯಿಗಳು ಕೆಂಗಂದು ಬಣ್ಣಕ್ಕೆ ತಿರುಗಿ, ಯಲ್ಲಾಪುರದ ಹೆದ್ದಾರಿಯಲ್ಲಿ ಹೋಗುವವರಿಗೆ ಗುಡ್ಡದ ಇಳಿಜಾರುಗಳಲ್ಲಿ ಹುನಾಲು ಮರಗಳನ್ನು ದೂರದಿಂದಲೇ ಎಣಿಸಲು ಬರುತ್ತದೆ. ಕಾಯಿ ಲೆಕ್ಕವಿಲ್ಲದಷ್ಟು, ಆದರೆ ಬಹುಪಾಲು ಜೊಳ್ಳು. ಹೀಗಾಗಿ ಹುನಾಲಿನ ಸಸಿ ಮಾಡುವುದು ನರ್ಸರಿಗಳಿಗೆ ಕಷ್ಟದ ಕೆಲಸ.

ತಾರೆ ಮರದ ಕಥೆ ವೇದಕಾಲದಷ್ಟು ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನ ಅಳಲಿನ ಸೂಕ್ತವೊಂದಿದೆ. ಅವನ ಮನೆ ಮುರಿದ ದಾಳಗಳು ತಾರೆಯ ಕಾಯಿಗಳು. ಮಹಾಭಾರತದ ನಳನ ಕಥೆಯಲ್ಲಿ ಋತುಪರ್ಣ ರಾಜ ರಥದಲ್ಲಿ ಹೋಗುತ್ತಲೇ ಒಂದು ತಾರೆ ಮರದ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳನನ್ನು ಬಿಟ್ಟ ಕಲಿ ಅದೇ ಮರವನ್ನು ಹೊಗುತ್ತಾನೆ. ತಾರೆಯಲ್ಲಿ ಭೂತ ಇರುತ್ತದೆ ಎಂಬ ನಂಬಿಕೆಗೆ ಇಷ್ಟು ಉದ್ದದ ಬೇರಿದೆ. ಆ ನಂಬಿಕೆಯಿಂದ ಅನೇಕ ತಾರೆ ಮರಗಳು ಕೊಡಲಿಯಿಂದ ಉಳಿದಿರಲೂ ಸಾಕು. ಅದರ ಹೂವಿನ ವಾಸನೆ ಮನುಷ್ಯರಿಗೆ ಅಸಹ್ಯ. ಓಟೆ ಒಡೆದು ಒಳಗಿನ ಬೀಜ ತಿನ್ನುವ ಮಕ್ಕಳಿಗೆ ‘ಹೆಚ್ಚು ತಿಂದರೆ ತಲೆ ತಿರುಗುತ್ತದೆ’ ಎಂದು ಹಿರಿಯರು ಎಚ್ಚರಿಸುತ್ತಾರೆ.

ತಾರೆ, ಅಳಲೆ, ನೆಲ್ಲಿ ಸೇರಿದರೆ ತ್ರಿಫಲ. ಮೂರರಲ್ಲಿ ಎರಡು ಈ ಕುಲದ ಕೊಡುಗೆ. ಅಳಲೆಕಾಯಿ ಇಲ್ಲದ ನಾಟಿ ಔಷಧವೇ ಇಲ್ಲವೆನ್ನುವಷ್ಟು ಅದರ ಬಳಕೆ. ಅಜ್ಜಿಯರು ಅದನ್ನು ತೇಯ್ದು ಮಗುವಿಗೆ ನೆಕ್ಕಿಸುತ್ತಿದ್ದರು. ಔಷಧದಷ್ಟೇ ದೊಡ್ಡದು ಅದರ ಇನ್ನೊಂದು ಚರಿತ್ರೆ. ಒಣಗಿದ ಅಳಲೆಕಾಯಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಟ್ಯಾನಿನ್. ಹಸಿ ಚರ್ಮದ ಕೊಲಾಜೆನ್ ಎಳೆಗಳನ್ನು ಅದು ಒಂದಕ್ಕೊಂದು ಬಿಗಿದು, ಕೊಳೆಯದ ತೊಗಲಾಗಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ, ಮದರಾಸು ಬಂದರುಗಳಿಂದ ಯುರೋಪಿನ ಚರ್ಮದ ಕಾರ್ಖಾನೆಗಳಿಗೆ ಭಾರತದ ಅಳಲೆಕಾಯಿ ಹಡಗುಗಟ್ಟಲೆ ಹೋಗುತ್ತಿತ್ತು. ಅದೇ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿದರೆ ಕಡುಗಪ್ಪು ಬಣ್ಣ: ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಬರೆಯುವ ಮಸಿ. ಆಂಧ್ರದ ಕಲಂಕಾರಿ ಕಲಾವಿದರು ಇಂದಿಗೂ ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಹಾಲಿನಲ್ಲಿ ಅದ್ದಿಯೇ ಬಣ್ಣ ಹಾಕಲು ಶುರುಮಾಡುವುದು.

ಶಿರಸಿ, ಯಲ್ಲಾಪುರಕ್ಕೆ ತಾಗಿಕೊಂಡಿರುವ ಮುಂಡಗೋಡಿಗೆ 1966ರಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು. ಅವರ ಪಟಚಿತ್ರಗಳಲ್ಲಿ ನೀಲಿ ಮೈಯ ವೈದ್ಯಬುದ್ಧ ಬಲಗೈಯಲ್ಲಿ ಹಿಡಿದಿರುವುದು ಅಳಲೆಯ ರೆಂಬೆಯನ್ನು. ಟಿಬೆಟಿನ ಎತ್ತರದ ಬಯಲಿನಲ್ಲಿ ಬೆಳೆಯದ ಆ ಮರವನ್ನು ಅವರ ವೈದ್ಯಶಾಸ್ತ್ರ ಔಷಧಗಳ ರಾಜನೆಂದು ಸಾವಿರ ವರ್ಷದಿಂದ ಪೂಜಿಸುತ್ತ ಬಂದಿದೆ. ಚಿತ್ರದಲ್ಲಷ್ಟೇ ಕಂಡಿದ್ದ ಮರದ ಕಾಡಿನ ಪಕ್ಕದಲ್ಲಿ ಆ ಜನ ಮನೆ ಕಟ್ಟಿಕೊಳ್ಳುವಂತಾದದ್ದು ಈ ಸೀಮೆಯ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ.

ಹೊಳೆಮತ್ತಿ ಅರ್ಜುನ ವೃಕ್ಷ. ಬಾಲಕೃಷ್ಣ ಒರಳು ಎಳೆದುಕೊಂಡು ಹೋಗಿ ಬೀಳಿಸಿದ ಜೋಡಿ ಮರಗಳು ಇವೇ. ಹೃದಯದ ಕಾಯಿಲೆಗೆ ಇದರ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕೊಡುವ ಕ್ರಮ ಆಯುರ್ವೇದದಲ್ಲಿದೆ, ಆಧುನಿಕ ವೈದ್ಯರೂ ಅದನ್ನು ಪರೀಕ್ಷಿಸುತ್ತಿದ್ದಾರೆ. ಎದೆನೋವು ಬಂದವರು ತೊಗಟೆಯನ್ನು ನೆಚ್ಚಿ ಆಸ್ಪತ್ರೆಗೆ ಹೋಗದೆ ಕೂರುವುದು ಮಾತ್ರ ಜೀವಕ್ಕೆ ಅಪಾಯ. ಮರಕ್ಕೂ ಅಪಾಯವಿದೆ. ತೊಗಟೆಯ ಒಳಪದರದಲ್ಲೇ ಎಲೆಯಿಂದ ಬೇರಿಗೆ ಆಹಾರ ಇಳಿಯುವುದು. ಸುತ್ತಲೂ ಸುಲಿದರೆ ಬೇರು ಹಸಿದು ಮರ ಸಾಯುತ್ತದೆ. ಒಂದೇ ಬದಿಯಲ್ಲಿ, ಹೊರಪದರ ಮಾತ್ರ ತೆಗೆದರೆ ಅದು ಮತ್ತೆ ಬೆಳೆಯುತ್ತದೆ. ತೊಗಟೆಯಷ್ಟೇ ಅಲ್ಲ, ಎಲೆಯೂ ಬಳಕೆಗೆ ಬರುತ್ತದೆ: ಜಾರ್ಖಂಡ್, ಛತ್ತೀಸಗಡಗಳ ಬುಡಕಟ್ಟಿನವರು ಮತ್ತಿ ಮತ್ತು ಹೊಳೆಮತ್ತಿಯ ಎಲೆಯ ಮೇಲೆ ಟಸ್ಸಾರ್ ರೇಷ್ಮೆಹುಳು ಸಾಕುತ್ತಾರೆ.

ಈ ಕುಲಕ್ಕೆ ತಡವಾಗಿ ಬಂದು ಸೇರಿದ ಮರವೂ ಒಂದಿದೆ. ಕೊಡಲಿ ಕಾವಿಗೂ ಗಾಡಿಯ ಅಚ್ಚಿಗೂ ಹೆಸರಾದ ದಿಂಡಿಗದ ಮರವನ್ನು ಸಸ್ಯವಿಜ್ಞಾನಿಗಳು ಬಹಳ ಕಾಲ ಬೇರೆ ಕುಲದಲ್ಲಿಟ್ಟಿದ್ದರು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅದೂ ಈ ಮನೆಯದೇ ಎಂದು ತಿಳಿದು, 2017ರಲ್ಲಿ ಟರ್ಮಿನೇಲಿಯಾಕ್ಕೆ ಸೇರಿಸಿದರು.

ಇಷ್ಟೆಲ್ಲ ಕೊಟ್ಟ ಕುಲವನ್ನು ಅರಣ್ಯ ಆಡಳಿತ ಬಹುಕಾಲ ಎರಡನೇ ದರ್ಜೆಯ ಜಂಗ್ಲಿ ಕಟ್ಟಿಗೆಯೆಂದು ಕಂಡಿತು. ಬ್ರಿಟಿಷರ ಕಾಲದಲ್ಲೂ ಸ್ವಾತಂತ್ರ್ಯದ ನಂತರವೂ ಜಿಲ್ಲೆಯ ಮಿಶ್ರಕಾಡುಗಳನ್ನು ಬೋಳುಕಡಿದು ಸಾಗವಾನಿ ನೆಡಲಾಯಿತು. ಸಾಗವಾನಿ ತೋಪಿನಲ್ಲಿ ಸೊಪ್ಪಿಲ್ಲ, ಅಳಲೆಯಿಲ್ಲ, ತುಡುವೆಗೆ ಹುನಾಲಿನ ಹೂವಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಪಾಂಡುರಂಗ ಹೆಗಡೆಯವರು ಕಟ್ಟಿದ ಅಪ್ಪಿಕೋ ಚಳವಳಿಯ ಘೋಷಣೆ ಮೂರು ಮಾತಿನದು: ಉಳಿಸು, ಬೆಳೆಸು, ಬಳಸು. ಕಾಡನ್ನು ಬಳಸಿ ಬದುಕುವ ರೈತರೇ ಎದ್ದು ನಿಂತ ಚಳವಳಿ ಅದು. ಬಳಸುವುದನ್ನು ಘೋಷಣೆಯಿಂದ ಬಿಡದೆ ಇದ್ದದ್ದು ಅದರ ಪ್ರಾಮಾಣಿಕತೆ.

ಉಳಿಸು, ಬಳಸು ಎರಡೂ ಬೆಟ್ಟಗಳಲ್ಲಿ ನಡೆದವು. ನಡುವಿನ ಮಾತು ಹಿಂದೆ ಬಿತ್ತು. ಸೊಪ್ಪಿಗಾಗಿ ಆಗಾಗ ಕಡಿಸಿಕೊಳ್ಳುವ ಮತ್ತಿ ತನ್ನ ಆಹಾರವನ್ನೆಲ್ಲ ಚಿಗುರಿಗೇ ಹಾಕುತ್ತದೆ. ಹೂ ಬಿಡಲು ಅದಕ್ಕೆ ಕೊಂಬೆಯೂ ಇಲ್ಲ, ಶಕ್ತಿಯೂ ಇಲ್ಲ. ಹೂವಿಲ್ಲದ ಮೇಲೆ ಬೀಜವಿಲ್ಲ. ಅಕಸ್ಮಾತ್ ಹುಟ್ಟಿದ ಸಸಿ ದರಕು ಗುಡಿಸುವವರ ಕೈಗೆ, ದನದ ಬಾಯಿಗೆ, ಬೇಸಿಗೆಯ ಬೆಂಕಿಗೆ ಸಿಕ್ಕಿ ಹೋಗುತ್ತದೆ. ಉಳಿದ ಜಾಗವನ್ನು ಯುಪಟೋರಿಯಂ ಕಳೆ ತುಂಬುತ್ತದೆ. ಹಲವು ಬೆಟ್ಟಗಳಲ್ಲಿ ಮುದಿ ಮರಗಳಿವೆ, ಅವುಗಳ ಕೆಳಗೆ ಮರಿಗಳಿಲ್ಲ. ಬೆಳೆಸಿದ ಮರ ಸರಕಾರಕ್ಕೆ ಹೋಗುತ್ತದೆ ಎಂಬ ಕಾನೂನು ರೈತನ ಉತ್ಸಾಹವನ್ನು ಕುಗ್ಗಿಸಿತು ಎಂಬುದು ನಿಜ. ಬೆಟ್ಟದಲ್ಲಿ ತಾನು ನೆಟ್ಟ ಮತ್ತಿಯ ಮೇಲೆ ಅವನಿಗೆ ಹಕ್ಕು ಕೊಡುವುದು ನ್ಯಾಯವೂ ಹೌದು, ಕಾಡಿಗೆ ಹಿತವೂ ಹೌದು. ಅಕೇಶಿಯಾ ನೆಟ್ಟು ಹಸಿರು ತೋರಿಸಿದರೆ ಬೆಟ್ಟ ಆಗುವುದಿಲ್ಲ. ಅದರ ಸೊಪ್ಪು ಮತ್ತಿಯ ಸೊಪ್ಪಿಗೆ ಸಮವಲ್ಲ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಬೆಟ್ಟ ಇರುವ ಪ್ರತಿಯೊಬ್ಬರಲ್ಲಿ ನನ್ನ ಕೋರಿಕೆ ಇದು: ನಿಮ್ಮ ಬೆಟ್ಟದಲ್ಲಿ ಎಕರೆಗೆ ನಾಲ್ಕೈದು ನೆಟ್ಟಗಿನ, ಗಟ್ಟಿಮುಟ್ಟಾದ ಮತ್ತಿ ಮತ್ತು ಹುನಾಲುಗಳನ್ನು ಗುರುತಿಸಿ ಬಣ್ಣದ ಪಟ್ಟಿ ಬಳಿಯಿರಿ. ಅವಕ್ಕೆ ಕತ್ತಿ ತಾಗಿಸಬೇಡಿ, ಸೊಪ್ಪು ಕಡಿಯಲು ಬರುವವರಿಗೂ ಹಾಗೆಯೇ ಹೇಳಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಯಿ ಒಣಗಿದಾಗ ಮರದಿಂದಲೇ ಬಿಡಿಸಿ, ಅದೇ ವರ್ಷದ ಮಳೆಗಾಲದ ಮೊದಲು ಬಿತ್ತಿ. ಹಳೆಯ ಬೀಜ ನೆಚ್ಚಬೇಡಿ. ಬೆಟ್ಟದ ಸುತ್ತ ಬೇಸಿಗೆಗೆ ಮುಂಚೆ ಬೆಂಕಿ ತಡೆಯುವ ಪಟ್ಟಿ ಸವರಿ. ಸಸಿಗಳಿರುವ ಮೂಲೆಯಲ್ಲಿ ಮೂರು ವರ್ಷ ದರಕು ಗುಡಿಸಬೇಡಿ, ದನ ಬಿಡಬೇಡಿ.